ಒಣಗಿಸಿ, ಆಮೇಲೆ ಹೇರಿ

ಮಲೆನಾಡಿನ ಅಡಿಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಆರಿಲ್ಲ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಹೊಯ್ಯುತ್ತದೆ. ಅಂಥ ಕಡೆ ಆಷಾಢದ ಸಂಜೆ ತೋಟದಿಂದ ಒದ್ದೆಯಾಗಿ ಬಂದವನಿಗೆ ಹಂಡೆಯ ಬಿಸಿನೀರಿಗೆ ಬದಲಿ ಏನಿದೆ? ಸುಗ್ಗಿಯ ಕಾಲಕ್ಕೆ ಅಡಿಕೆ ಬೇಯಿಸುವ ಒಲೆ ಬೇರೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನ ಜೊತೆ ಕುದಿಸುವ ಆ ಒಲೆ ನುಂಗುವ ಕಟ್ಟಿಗೆಯ ಲೆಕ್ಕ ಅದರ ಮುಂದೆ ಕೂತವರಿಗೇ ಗೊತ್ತು. ಹಾಗಾಗಿ ಮಾರ್ಚ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಶಿರಸಿ ಕಡೆಯ ಒಳರಸ್ತೆಗಳಲ್ಲಿ ಟಿಲ್ಲರ್ ಸದ್ದು ಶುರುವಾಗುತ್ತದೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಬೇಕು.

ಕಟ್ಟಿಗೆಯ ಕೆಲಸವೆಂದರೆ ಕಡಿಯುವ ಕೆಲಸ ಎಂದುಕೊಂಡವರೇ ಹೆಚ್ಚು. ನಿಜವಾದ ಕಷ್ಟ ಇರುವುದು ಸಾಗಾಟದಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಕುಲುಮೆಗೆ ಹಾಕುತ್ತಿದ್ದುದು ಇದೇ ಸೀಮೆಯ ಕಟ್ಟಿಗೆಯಿಂದ ಸುಟ್ಟ ಇದ್ದಿಲು. ಅಷ್ಟು ದೊಡ್ಡ ಕಾರ್ಖಾನೆಯೂ ಕಾಡಿನ ಕಟ್ಟಿಗೆ ಹೊರಗೆ ತರಲು ಟ್ರಾಮ್ ಹಳಿ ಹಾಸಬೇಕಾಯಿತು. ಮನೆಮಟ್ಟದಲ್ಲಿ ಆ ಕೆಲಸ ಮೊದಲು ಹೆಂಗಸರ ತಲೆಯ ಮೇಲಿತ್ತು, ಆಮೇಲೆ ಎತ್ತಿನ ಗಾಡಿಗೆ ಬಂತು, ಮರದ ಗಾಲಿ ಹೋಗಿ ಟೈರ್ ಗಾಡಿಯಾಯಿತು, ಈಗ ಟಿಲ್ಲರ್ ಟ್ರೈಲರ್. ತಲೆಹೊರೆ ಸುಮಾರು 25 ಕಿಲೋ ಎಂದಿಟ್ಟುಕೊಂಡರೆ, ಒಂದು ಟನ್ ಹೇರಿದ ಟ್ರೈಲರ್ ಒಮ್ಮೆ ಬಂದು ಹೋದರೆ ನಲವತ್ತು ಹೊರೆಗಳು ಹೆಂಗಸರ ಕುತ್ತಿಗೆಯಿಂದ ಇಳಿದಂತೆ. ಈ ಸಣ್ಣ ಬಂಡಿಯ ಮೇಲೆ ನನಗಿರುವ ಗೌರವಕ್ಕೆ ಇದೊಂದೇ ಕಾರಣ ಸಾಕು.

ಬೆಂಗಳೂರಿನ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಟಿಲ್ಲರ್ ಮಾಡಲು ಹೊರಟದ್ದು 1967ರಲ್ಲಿ. ಮಾಡಿದ್ದು ಗದ್ದೆಗೆ. ಮಲೆನಾಡಿನವರು ಹಿಂದಿನ ಉಳುವ ಕತ್ತಿ ಬಿಚ್ಚಿ ಟ್ರೈಲರ್ ಕಟ್ಟಿದರು, ಗದ್ದೆಯಲ್ಲಿ ತಿಂಗಳೊಪ್ಪತ್ತು ದುಡಿಯುವ ಯಂತ್ರ ವರ್ಷವಿಡೀ ಗೊಬ್ಬರ, ಸೊಪ್ಪು, ಅಡಿಕೆ, ಕಟ್ಟಿಗೆ ಹೇರುವಂತಾಯಿತು. ಹದಿಮೂರು ಅಶ್ವಶಕ್ತಿಯ ಎಂಜಿನ್, ಎರಡು ಚಕ್ರದ ಪೆಟ್ಟಿಗೆ, ನಡುವೆ ಒಂದು ಗೂಟ. ಪೇಟೆಯ ಹೋಟೆಲಿಗೆ ಕಟ್ಟಿಗೆ ಹಾಕುವವರಿಗೆ 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿಗಳು ಅನುಕೂಲ, ಒಪ್ಪೋಣ. ಆದರೆ ಉಣಗೋಲು ದಾಟಿ, ಸಂಕದ ಮೇಲೆ ಹಾದು, ಎರಡು ಅಗಳದ ನಡುವಿನ ಓಣಿಯಲ್ಲಿ ನುಸುಳಿ, ಮನೆಯ ಹಿಂದಿನ ಬಚ್ಚಲ ಬಾಗಿಲಿಗೇ ಕಟ್ಟಿಗೆ ತಂದು ನಿಲ್ಲಿಸುವುದು ಟಿಲ್ಲರ್‌ಗೆ ಮಾತ್ರ ಸಾಧ್ಯ.

ಇಷ್ಟು ಒಳ್ಳೆಯ ಬಂಡಿಯಲ್ಲಿ ನಾವು ಹೇರುತ್ತಿರುವುದು ಏನನ್ನು ಎಂಬುದೇ ನನ್ನ ತಕರಾರು. ನಾವು ನೀರು ಹೇರುತ್ತಿದ್ದೇವೆ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ಅದು ನೂರಕ್ಕೆ ಇಪ್ಪತ್ತಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಟನ್ ಹಸಿ ಅಕೇಶಿಯಾ ಒಣಗಿದ ಮೇಲೆ ಉಳಿಯುವುದು 625 ಕಿಲೋ. ಮಿಕ್ಕ 375 ಲೀಟರ್ ನೀರನ್ನು ಡೀಸೆಲ್ ಸುಟ್ಟು, ಏರು ಹತ್ತಿಸಿ, ಹಗ್ಗ ಬಿಗಿದು ಮನೆಗೆ ತಂದಿದ್ದೇವೆ. ಒಲೆಯಲ್ಲೂ ಅದೇ ಕಥೆ. ಪೂರ್ತಿ ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4,500 ಕಿಲೋ ಕ್ಯಾಲರಿ ಶಾಖವಿದೆ. ಹಸಿ ಕಟ್ಟಿಗೆಯಲ್ಲಿ ಅರ್ಧ ಕಿಲೋ ಮಾತ್ರ ಮರ. ಉಳಿದರ್ಧ ಕಿಲೋ ನೀರನ್ನು ಆವಿ ಮಾಡುವುದಕ್ಕೂ ಅದೇ ಶಾಖ ಹೋಗಬೇಕು. ಕೊನೆಗೆ ಕೈಗೆ ಸಿಗುವುದು 2,000ಕ್ಕಿಂತ ಕಡಿಮೆ. ಅದೂ ಕಾಗದದ ಮೇಲಿನ ಲೆಕ್ಕ. ಹಸಿ ಕಟ್ಟಿಗೆ ಒಲೆಯನ್ನು ತಣ್ಣಗಿಡುತ್ತದೆ, ಉರಿಯಬೇಕಾದ ಅನಿಲ ಹೊಗೆಯಾಗಿ ಹೊರಬೀಳುತ್ತದೆ, ಬಚ್ಚಲ ಹಂಚಿಗೆ ಇಲ್ಲಣ ಕಟ್ಟುತ್ತದೆ, ಊದುವವರ ಕಣ್ಣು, ಎದೆ ಕೆಡುತ್ತದೆ.

ಆದ್ದರಿಂದ ಕಡಿದ ಜಾಗದಲ್ಲೇ ಒಣಗಿಸಿ, ಆಮೇಲೆ ಹೇರಬೇಕು. ಇದಕ್ಕೆ ಬೇಕಾದ್ದು ಹಣವಲ್ಲ, ಮೂರು ತಿಂಗಳ ಮುಂದಾಲೋಚನೆ. ಕಡಿಯುವ ಕೆಲಸ ಸಂಕ್ರಾಂತಿಯ ಸುಮಾರಿಗೆ ಮುಗಿಯಲಿ. ಗಂಟಿಲ್ಲದ ದಿಮ್ಮಿಯನ್ನು ಹಸಿಯಿರುವಾಗಲೇ ಸೀಳಿಬಿಡಿ. ಒಂದೂವರೆ ಅಡಿ ತುಂಡು, ಅಂಚಿನಲ್ಲಿ ಮೊದಲ ಬೆಣೆ, ಬಿರುಕು ಬಿಟ್ಟ ಜಾಗಕ್ಕೆ ಎರಡನೆಯದು. ಒಣಗಿ ಗಟ್ಟಿಯಾದ ಮೇಲೆ ಇದೇ ತುಂಡು ಬೆಣೆಯನ್ನೇ ಕಚ್ಚಿ ಹಿಡಿಯುತ್ತದೆ. ಸಿಪ್ಪೆ ನೀರನ್ನು ಒಳಗೇ ತಡೆದಿಡುವುದರಿಂದ ಸೀಳಿದ ಮುಖ ತೆರೆದಷ್ಟೂ ಒಣಗುವುದು ಬೇಗ. ನೆಲದ ಮೇಲೆ ಎರಡು ಉದ್ದನೆಯ ಕುಂಟೆ ಅಡ್ಡ ಹಾಕಿ ಅದರ ಮೇಲೆ ಒಟ್ಟಬೇಕು, ಇಲ್ಲದಿದ್ದರೆ ಅಡಿಯ ಸಾಲು ಒರಲೆಯ ಪಾಲು. ಗಾಳಿ ಬರುವ ದಿಕ್ಕಿಗೆ ಕೊಯ್ದ ತುದಿಗಳು ಮುಖ ಮಾಡಿರಲಿ. ಫೆಬ್ರವರಿ, ಮಾರ್ಚ್‌ನ ಒಣಗಾಳಿ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸವನ್ನು ಜೂನ್‌ನಲ್ಲಿ ಯಾವ ಕೊಟ್ಟಿಗೆಯೂ ಮಾಡಿಕೊಡುವುದಿಲ್ಲ.

ಯಾವ ಮರ ಎಂಬುದೂ ಮುಖ್ಯ. 1980ರ ದಶಕದಿಂದ ಈಚೆಗೆ ಬ್ಯಾಣಗಳಲ್ಲೆಲ್ಲ ಎದ್ದ ಅಕೇಶಿಯಾದ ಮೇಲೆ ನೂರು ದೂರುಗಳಿವೆ, ಬಹುಪಾಲು ನಿಜ. ಹುಲ್ಲುಗಾವಲು ನುಂಗಿದ್ದನ್ನು ನಾನೂ ಕ್ಷಮಿಸಿಲ್ಲ. ಕಟ್ಟಿಗೆಯಾಗಿ ಮಾತ್ರ ಅದು ಒಳ್ಳೆಯದು, ಕೆಂಡ ನಿಲ್ಲುತ್ತದೆ. ಕರಾವಳಿಯವರಿಗೆ ಗಾಳಿಮರವಿದೆ, ಕಾರವಾರದ ತೀರಕ್ಕೆ 1868ರಲ್ಲಿ ಬಂದ ಆ ಮರ ಹಸಿಯಿದ್ದರೂ ಉರಿಯುತ್ತದೆ. ಉರುವಲಿನಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟ. ಬೂರುಗ, ದೂಪ ಭಗ್ಗನೆ ಹೊತ್ತಿ ಬೂದಿಯಾಗುವಂಥವು, ಬೆಂಕಿ ಹಚ್ಚಲು ಅಷ್ಟೇ ಸಾಕು. ಹೊಳಗೇರು ಮಾತ್ರ ಮುಟ್ಟಬೇಡಿ. ಅದರ ಸೊನೆ ತಾಗಿದ ಮೈ ಬೊಬ್ಬೆ ಏಳುತ್ತದೆ. ಗೊತ್ತಿಲ್ಲದ ಕೂಲಿಯವರ ಕೈಗೆ ಆ ಮರ ಕೊಯ್ಯುವ ಕೆಲಸ ಕೊಡುವುದು ದೊಡ್ಡ ತಪ್ಪು.

ಕೊಯ್ಯುವ ಯಂತ್ರದ ಬಗ್ಗೆ ಒಂದೆರಡು ಮಾತು. ಮನೆಬಳಕೆಗೆ ಹದಿನಾರು ಇಂಚಿನ ಪಟ್ಟಿಯ ಸಣ್ಣ ಚೈನ್ ಸಾ ಧಾರಾಳವಾಯಿತು. ಯಂತ್ರ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಹಲ್ಲು ಎಷ್ಟು ಹರಿತ ಎನ್ನುವುದನ್ನು ನೋಡಬೇಕು. ಕೆಳಗೆ ಉದುರುವ ಪುಡಿಯನ್ನು ಅಂಗೈಗೆ ತೆಗೆದುಕೊಳ್ಳಿ: ನುಚ್ಚಿನ ಗಾತ್ರದ ಚಕ್ಕೆ ಬರುತ್ತಿದ್ದರೆ ಹಲ್ಲು ಹರಿತ, ಹಿಟ್ಟಿನಂತೆ ಬರುತ್ತಿದ್ದರೆ ಮೊಂಡು. ಮೊಂಡಾದ ಚೈನನ್ನು ಒತ್ತಿ ಒತ್ತಿ ಕೊಯ್ಯುವವರೇ ಪೆಟ್ಟು ಮಾಡಿಕೊಳ್ಳುವುದು. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಎರಡು ನಿಮಿಷ ಅರ ಹಾಕಿದರೆ ದಿನದ ಕೊನೆಗೆ ತೋಳಿಗೂ ಯಂತ್ರಕ್ಕೂ ಸುಖ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಲೀಟರಿಗೆ 20 ಮಿಲಿ, ಅಳತೆ ಸೀಸೆಯಲ್ಲೇ. ಅಂದಾಜಿಗೆ ಸುರಿದ ಎಷ್ಟೋ ಯಂತ್ರಗಳ ಪಿಸ್ಟನ್ ಹಿಡಿದುಹೋಗಿವೆ.

ಇನ್ನು ಹೇರುವ ಕಲೆ. ಎತ್ತಿನ ಗಾಡಿಯವರು ಮುಂಭಾರ, ಹಿಂಭಾರ ಎನ್ನುತ್ತಿದ್ದರಲ್ಲ, ಟ್ರೈಲರ್‌ಗೂ ಅದೇ ಶಾಸ್ತ್ರ. ಭಾರ ಅಚ್ಚಿನಿಂದ ತುಸು ಮುಂದಿರಬೇಕು, ಒಟ್ಟು ತೂಕದ ಹತ್ತನೇ ಒಂದು ಪಾಲು ಗೂಟದ ಮೇಲೆ ಕೂರುವಷ್ಟು. ಹಿಂಭಾರವಾದರೆ ಏರಿನಲ್ಲಿ ಟಿಲ್ಲರ್‌ನ ಹಿಂಬದಿ ಎತ್ತಿದಂತಾಗಿ ಚಕ್ರ ನೆಲ ಬಿಡುತ್ತದೆ. ಬಲ್ಲ ಆಳು ಹೇರುವುದನ್ನು ನಿಂತು ನೋಡಬೇಕು. ಮೊದಲು ದಪ್ಪ ತುಂಡುಗಳು ಉದ್ದಕ್ಕೆ, ಅಚ್ಚಿನ ಮೇಲೆ. ಎರಡೂ ಪಕ್ಕದ ಗೂಟಕ್ಕೆ ತಾಗಿ ನೆಟ್ಟನೆಯವು. ವಕ್ರವಾದವು, ಗಂಟಿನವು ನಡುವೆ. ನಾಲ್ಕು ಸಾಲಿಗೊಮ್ಮೆ ಒಂದು ಸಾಲು ಅಡ್ಡ, ಆಗ ಇಡೀ ಹೇರು ಒಂದನ್ನೊಂದು ಹಿಡಿದು ನಿಲ್ಲುತ್ತದೆ. ಮೇಲೆ ಜಿಗ್ಗು, ಅದರ ಮೇಲೆ ಹಗ್ಗ. ಹೊರಟು ಅರ್ಧ ಮೈಲಿ ಹೋದ ಮೇಲೆ ನಿಲ್ಲಿಸಿ ಹಗ್ಗ ಮತ್ತೊಮ್ಮೆ ಬಿಗಿಯುತ್ತಾನೆ. ಕುಲುಕಾಟಕ್ಕೆ ಹೇರು ಕೂತು ಹಗ್ಗ ಸಡಿಲಾಗಿರುತ್ತದೆ ಎಂದು ಅವನಿಗೆ ಗೊತ್ತು.

ಇಳಿಜಾರಿನ ವಿಷಯ ಮಾತ್ರ ಹೊಸಬರು ಕಿವಿಯಿಟ್ಟು ಕೇಳಬೇಕು. ಟಿಲ್ಲರ್‌ಗೆ ಕಾರಿನಂತೆ ತಿರುಗಿಸುವ ಚಕ್ರವಿಲ್ಲ, ಎರಡು ಹಿಡಿಕೆಗೂ ಒಂದೊಂದು ಕ್ಲಚ್ಚಿದೆ. ಸಮನೆಲದಲ್ಲಿ ಬಲಗಡೆಯದನ್ನು ಒತ್ತಿದರೆ ಬಲಚಕ್ರಕ್ಕೆ ಎಂಜಿನ್ನಿನ ಎಳೆತ ತಪ್ಪುತ್ತದೆ, ಎಡಚಕ್ರ ಎಳೆಯುತ್ತದೆ, ಬಂಡಿ ಬಲಕ್ಕೆ ಹೊರಳುತ್ತದೆ. ಹೇರು ಹೊತ್ತು ಇಳಿಯುವಾಗ ಎಂಜಿನ್ ಎಳೆಯುತ್ತಿರುವುದಿಲ್ಲ, ತಡೆಹಿಡಿಯುತ್ತಿರುತ್ತದೆ. ಆಗ ಬಲಗಡೆಯ ಕ್ಲಚ್ ಒತ್ತಿದರೆ ಬಲಚಕ್ರದ ತಡೆಯೇ ಹೋಗಿ ಅದು ಮುಂದಕ್ಕೆ ಓಡುತ್ತದೆ, ಬಂಡಿ ಎಡಕ್ಕೆ ತಿರುಗುತ್ತದೆ. ಬೇಕಾದ್ದು ಬಲ, ಹೋದದ್ದು ಎಡ, ಎಡಕ್ಕೆ ಕಂದಕ. ಎಷ್ಟೋ ಟಿಲ್ಲರ್‌ಗಳು ಮಗುಚಿದ್ದು ಹೀಗೆ. ಇಳಿಯುವ ಮೊದಲೇ ನಿಂತು ಸಣ್ಣ ಗೇರಿಗೆ ಹಾಕಿಕೊಳ್ಳಿ, ಮಧ್ಯದಲ್ಲಿ ಗೇರ್ ಬದಲಿಸಬೇಡಿ, ಕ್ಲಚ್ ಮುಟ್ಟದೆ ಹಿಡಿಕೆಯನ್ನೇ ತೋಳಿನಿಂದ ತಿರುಗಿಸಿ, ಕಾಲು ಟ್ರೈಲರ್ ಬ್ರೇಕಿನ ಮೇಲಿರಲಿ. ಒಣಗಿದ ಹೇರು ಹಗುರ, ಇಳಿಜಾರಿನಲ್ಲಿ ನೂಕುವುದೂ ಕಡಿಮೆ. ಕಡಿದಲ್ಲೇ ಒಣಗಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ, ಪ್ರಾಣಕ್ಕೆ ಸಂಬಂಧಿಸಿದ್ದು.

ಕೊಳ್ಳುವವರ ಕಡೆಗೆ ಬರೋಣ. "ಲೋಡಿಗೆ ಎಷ್ಟು?" ಎಂಬ ಒಂದೇ ಪ್ರಶ್ನೆಯಲ್ಲಿ ನಮ್ಮ ವ್ಯಾಪಾರ ಮುಗಿಯುತ್ತದೆ. ಲೋಡ್ ಎಂಬುದು ಅಳತೆಯೇ ಅಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪೆಟ್ಟಿಗೆಯಲ್ಲಿ ಮೂರು ಅಡಿ ಎತ್ತರಕ್ಕೆ ಜೋಡಿಸಿದರೆ 72 ಘನ ಅಡಿ. ಒಪ್ಪವಾಗಿ ಒಟ್ಟಿದ್ದರೆ ಅದರಲ್ಲಿ ನೂರಕ್ಕೆ ಅರವತ್ತರ ಮೇಲೆ ಮರ, ಎಸೆದು ತುಂಬಿದ್ದರೆ ಅರ್ಧಕ್ಕೂ ಕಡಿಮೆ, ಉಳಿದದ್ದು ಬರೀ ಸಂದು. ತೂಕಕ್ಕೆ ಕೊಂಡರೂ ಅಪಾಯವಿದೆ, ಹಸಿಯಾದಷ್ಟೂ ತಕ್ಕಡಿ ಮಾರುವವನ ಕಡೆ. ಹಾಗಾಗಿ ಒಟ್ಟಿದ ಘನ ಅಡಿಯ ಲೆಕ್ಕವೇ ಇಬ್ಬರಿಗೂ ನ್ಯಾಯ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಕೊಯ್ದ ತುದಿಯಲ್ಲಿ ತಿರುಳಿನಿಂದ ಸಿಪ್ಪೆಯ ಕಡೆಗೆ ಸೀಳು ಬಿಟ್ಟಿರಬೇಕು, ಸಿಪ್ಪೆ ಉಗುರಿಗೆ ಏಳಬೇಕು, ಎರಡು ತುಂಡು ಬಡಿದರೆ ಟಣ್ ಎನ್ನಬೇಕು. ದಬ್ ಎಂದರೆ ನೀರಿದೆ.

ಎಲ್ಲಿಂದ ಬಂದದ್ದು ಎಂದು ಕೇಳುವುದೂ ಕೊಳ್ಳುವವರ ಕರ್ತವ್ಯ. ಸೊಪ್ಪಿನ ಬೆಟ್ಟ ಇರುವುದು ತೋಟದ ಗೊಬ್ಬರಕ್ಕೆ, ಮನೆಯ ಉರುವಲಿಗೆ. ಅಲ್ಲಿಂದ ಲೋಡುಗಟ್ಟಲೆ ಕಡಿದು ಮಾರುವುದನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಅವಕಾಶವೂ ಇಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಸಿಲ್ವರ್ ಓಕ್, ಗಾಳಿ, ನೀಲಗಿರಿ, ರಬ್ಬರ್‌ನಂಥ ನೆಟ್ಟು ಬೆಳೆದ ಮರಗಳನ್ನು ಕಡಿಯುವ ಅನುಮತಿಯಿಂದ ಹೊರಗಿಟ್ಟಿದೆ. ಕಾಫಿ ತೋಟದ ಸಿಲ್ವರ್ ಓಕ್ ಸವರು, ರಬ್ಬರ್ ತೋಟದ ಹಳೆ ಮರ ಇರುವಾಗ ಮತ್ತಿ, ನಂದಿಗೆ ಕೊಡಲಿ ಹಾಕಬೇಕಾಗಿಲ್ಲ.

ಒಲೆಯ ಮಾತಾಡದೆ ಕಟ್ಟಿಗೆಯ ಮಾತು ಮುಗಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಹಳ್ಳಿಹಳ್ಳಿಗೆ ಹೋಯಿತು. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ ಎಂಬುದನ್ನು ಅವರು ಅಳೆದು ನೋಡಿ ಕೆಲಸಕ್ಕೆ ಇಳಿದವರು. ಅಡಿಗೆಗೆ ಗ್ಯಾಸ್ ಬಂದ ಮೇಲೆ ಆ ಒಲೆ ಮೂಲೆ ಸೇರಿತು. ಅದರ ತತ್ತ್ವ ಬಚ್ಚಲಿಗೆ ಇಂದಿಗೂ ಬೇಕು: ಕೆಳಗಿಂದ ಗಾಳಿ ಬರಲು ಜಾಲರಿ, ಇಕ್ಕಟ್ಟಾದ ಬಾಯಿ, ಹೊಗೆಗೆ ಕೊಳವೆ. ಅಂಗಳದಷ್ಟು ಬಾಯಿ ತೆರೆದ ಹಂಡೆ ಒಲೆಗೆ ಇಡೀ ಕುಂಟೆ ತುರುಕಿ ಬೆಳಗಿನಿಂದ ಸಂಜೆವರೆಗೆ ಹೊಗೆಯಾಡಿಸುವ ರೂಢಿ ಇದ್ದಷ್ಟು ದಿನ, ಎಷ್ಟು ಕಟ್ಟಿಗೆ ತಂದರೂ ಸಾಲದು.

ಈ ಬೇಸಿಗೆಯ ಕಟ್ಟಿಗೆ ಆಗಲೇ ನಿಮ್ಮ ಕೊಟ್ಟಿಗೆಗೆ ಬಂದಿರಬಹುದು, ಅದು ಹೇಗಿದೆಯೋ ಹಾಗೆ ಉರಿಸಿ. ಮುಂದಿನ ವರ್ಷದ್ದಕ್ಕೆ ಈಗಲೇ ಹೇಳಿಡಿ. ಕಟ್ಟಿಗೆಯವನನ್ನು ಎರಡು ಪ್ರಶ್ನೆ ಕೇಳಿ: ಯಾವ ತಿಂಗಳಲ್ಲಿ ಕೊಯ್ದದ್ದು, ಒಟ್ಟಿದರೆ ಎಷ್ಟು ಘನ ಅಡಿ. ಎರಡಕ್ಕೂ ನೆಟ್ಟಗೆ ಉತ್ತರ ಕೊಟ್ಟು, ಬಚ್ಚಲ ಬಾಗಿಲಲ್ಲಿ ಸುರಿದು ಹೋಗದೆ ಒಟ್ಟಿಕೊಟ್ಟು ಹೋಗುವವನು ಸಿಕ್ಕರೆ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ, ಟ್ರೈಲರ್ ಹಿಂದಕ್ಕೆ ಒಂದು ಕೆಂಪು ರಿಫ್ಲೆಕ್ಟರನ್ನೂ ಕೊಡಿಸಿ. ಕತ್ತಲಾದ ಮೇಲೆ ಅವನು ಅದೇ ಘಟ್ಟದ ರಸ್ತೆಯಲ್ಲಿ ಮನೆಗೆ ಹೋಗಬೇಕು.