ಬಂಡೆಯ ಮಗ್ಗುಲಿನ ಓಣಿ

ದುಬಾರಿ ರೆಸಾರ್ಟಿನಲ್ಲಿ ಉಳಿದು ಬಂದವರನ್ನು ಮಾತಿಗೆಳೆದರೆ ಕೋಣೆ ಎಷ್ಟು ದೊಡ್ಡದಿತ್ತು, ಹಾಸಿಗೆ ಎಷ್ಟು ಮೆತ್ತಗಿತ್ತು, ಬೆಳಗಿನ ತಿಂಡಿಗೆ ಏನೇನಿತ್ತು ಎಂಬುದರಿಂದ ಶುರುಮಾಡುತ್ತಾರೆ. ನನಗೆ ಕೇಳಬೇಕೆನಿಸುವುದು ಬೇರೆ. ಗೇಟಿನಿಂದ ಕೋಣೆಯ ಬಾಗಿಲವರೆಗೆ ಹೇಗೆ ಹೋದಿರಿ? ದಾರಿಯಲ್ಲಿ ಬೆಳಕು ಎಲ್ಲಿ ಕಡಿಮೆಯಾಯಿತು, ಎಲ್ಲಿ ಒಮ್ಮೆಲೇ ಹರಡಿಕೊಂಡಿತು? ನಡುವೆ ಎಲ್ಲಾದರೂ ಸುಮ್ಮನೆ ನಿಂತಿರಾ? ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಅವರು ನಡೆದೇ ಇರುವುದಿಲ್ಲ. ಹಣೆಗೆ ಕುಂಕುಮ, ಕೈಗೆ ತಣ್ಣನೆಯ ಟವೆಲು, ಒಂದು ಲೋಟ ಪಾನಕ, ಆಮೇಲೆ ಬ್ಯಾಟರಿ ಬಗ್ಗಿ. ಕಣ್ಣು ಬಿಡುವಷ್ಟರಲ್ಲಿ ಕೋಣೆ.

ಪಶ್ಚಿಮ ಘಟ್ಟದ ಒಂದು ಹೆಸರಾಂತ ತಂಗುದಾಣದಲ್ಲಿ ನಾನು ನಡೆಯಲು ಹೊರಟಾಗಲೆಲ್ಲ ಬಗ್ಗಿಯೊಂದು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಓಡಿಸುವ ಹುಡುಗನದು ತಪ್ಪಲ್ಲ. ಅತಿಥಿ ನಡೆದನೆಂದರೆ ಉಪಚಾರದಲ್ಲಿ ಕೊರತೆಯಾಯಿತೆಂದೇ ಅವನಿಗೆ ಕಲಿಸಿದ್ದಾರೆ. ಹಾಗೆ ನೋಡಿದರೆ ಅಲ್ಲಿ ನಡೆಯಬೇಕೆನಿಸುವ ದಾರಿಯೂ ಇರಲಿಲ್ಲ. ಸಿಮೆಂಟು ಇಟ್ಟಿಗೆ ಹಾಸಿದ ಬಗ್ಗಿಯ ರಸ್ತೆ, ಎರಡೂ ಬದಿಗೆ ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡ, ಆಚೆ ಒಂದರಂತೆ ಒಂದು ವಿಲ್ಲಾ. ಕೋಣೆಗಳೊಳಗೆ ಹಣ ಸುರಿದಿದ್ದರು. ಕೋಣೆಗಳ ನಡುವಿನ ಜಾಗದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ತಂಗುದಾಣವನ್ನು ನಿಜವಾಗಿ ಯೋಚಿಸಿ ಕಟ್ಟಿದ್ದಾರೋ ಇಲ್ಲವೋ ಎಂದು ತಿಳಿಯಲು ನಾನು ನೋಡುವುದು ಈ ನಡುವಿನ ಜಾಗವನ್ನೇ. ಈ ಮಾತನ್ನು ನನಗೆ ಮನದಟ್ಟು ಮಾಡಿಸಿದ ಕಟ್ಟಡ ಶ್ರೀಲಂಕಾದ ನಡುನಾಡಿನಲ್ಲಿ, ದಂಬುಲ್ಲದ ಬಳಿ, ಕಂದಲಮ ಎಂಬ ಹಳೆಯ ಕೆರೆಯ ದಡದಲ್ಲಿದೆ. ಜೆಫ್ರಿ ಬಾವಾ ವಿನ್ಯಾಸ ಮಾಡಿದ ಕಂದಲಮ ಹೋಟೆಲು; ಈಗ ಅದರ ಹೆಸರು ಹೆರಿಟೆನ್ಸ್ ಕಂದಲಮ.

ಬಾವಾ ಹುಟ್ಟಿದ್ದು 1919ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ಕಾನೂನು ಕಲಿತು ವಕೀಲಿಕೆ ಮಾಡಿ, ಅದು ಒಗ್ಗದೆ ಬಿಟ್ಟವರು. ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದಿ 1957ರಲ್ಲಿ ಪದವಿ ಪಡೆಯುವಾಗ ಅವರಿಗೆ 38 ವರ್ಷ. ಕೋಟ್ಟೆಯಲ್ಲಿ ಕೆರೆಯ ನಡುವೆ ನಿಂತಿರುವ ಶ್ರೀಲಂಕಾದ ಸಂಸತ್ ಭವನ ಅವರದು. ತಮಿಳುನಾಡಿನಲ್ಲೂ ಅವರ ಕೆಲಸವಿದೆ. ಮದುರೆಯಲ್ಲಿ ಹಳೆಯ ಕಟ್ಟಡಗಳಿಂದ ಆಯ್ದು ತಂದ ಕಲ್ಲು, ಕಂಬಗಳನ್ನು ಬಳಸಿ ಒಂದು ಕ್ಲಬ್ ಕಟ್ಟಿಕೊಟ್ಟರು. ಕಂದಲಮದ ಕೆಲಸ ಕೈಗೆ ಬಂದದ್ದು 1991ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ಹೋಟೆಲು ಕಟ್ಟಿಸಲು ಹೊರಟಿದ್ದ ಎಯ್ಟ್‌ಕನ್ ಸ್ಪೆನ್ಸ್ ಕಂಪನಿಯ ಮನಸ್ಸಿನಲ್ಲಿ ಮೊದಲು ಇದ್ದದ್ದು ಸಿಗಿರಿಯ ಬಂಡೆಯ ಬುಡದ ಜಾಗ. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ಅರಸ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಬಂಡೆ ಅದು. ಸುಮಾರು 200 ಮೀಟರ್ ಎತ್ತರಕ್ಕೆ ಬಯಲಿನಿಂದ ನೆಟ್ಟಗೆ ಎದ್ದು ನಿಂತಿದೆ. ಪ್ರವಾಸಿಗಳೆಲ್ಲ ಅಲ್ಲಿಗೇ ಬರುವುದರಿಂದ ಹೋಟೆಲೂ ಅಲ್ಲೇ ಇರಲಿ ಎಂಬುದು ವ್ಯಾಪಾರದ ಸರಳ ಲೆಕ್ಕ. ಬಾವಾ ಒಪ್ಪಲಿಲ್ಲ. ಹೆಲಿಕಾಪ್ಟರಿನಲ್ಲಿ ಸುತ್ತಾಡಿ ಹಲವು ಕಿಲೋಮೀಟರ್ ದೂರದ ಈ ಕೆರೆಯ ಪಕ್ಕದ ಗುಡ್ಡವನ್ನು ತೋರಿಸಿ, ಕಟ್ಟುವುದಾದರೆ ಇಲ್ಲಿ ಎಂದರು. ಇಡೀ ಹೋಟೆಲಿನ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಬುಡದಲ್ಲಿ ಕಟ್ಟಿದ್ದರೆ ಸಿಗಿರಿಯ ಹಗಲಿಡೀ ಅತಿಥಿಯ ತಲೆಯ ಮೇಲೇ ಇರುತ್ತಿತ್ತು. ಎರಡನೆಯ ದಿನಕ್ಕೆ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ. ಬಂಡೆ ಹತ್ತಿದವರ ಕಣ್ಣಿಗೆ ಕೆಳಗಡೆ ಹೋಟೆಲಿನ ಸೂರು ಕಾಣುತ್ತಿತ್ತು. ಈಗ ಸಿಗಿರಿಯ ಕೆರೆಯ ಆಚೆ, ಕಾಡಿನ ಆಚೆ, ದಿಗಂತದಲ್ಲಿ ಹೆಬ್ಬೆರಳಷ್ಟು ಕಾಣುತ್ತದೆ. ಮೋಡವಿದ್ದರೆ ಅದೂ ಇಲ್ಲ. ಕಂಡಾಗ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಾರೆ.

ದಂಬುಲ್ಲದ ಕಡೆಯಿಂದ ಕುರುಚಲು ಕಾಡಿನ ನಡುವೆ ರಸ್ತೆ ಸುತ್ತಿ ಬರುತ್ತದೆ. ಕಟ್ಟಡ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಸುಮಾರು ಒಂದು ಕಿಲೋಮೀಟರ್ ಉದ್ದದ, 152 ಕೋಣೆಗಳ ಹೋಟೆಲು ಎದುರಿಗಿದ್ದರೂ ಕಾಣುವುದು ಬಂಡೆ ಮತ್ತು ಬಳ್ಳಿ. ಇಳಿಜಾರು ಹತ್ತಿ ಬಂದು ಇಳಿದ ಮೇಲೆ ಗುಹೆಯಂಥ ಒಂದು ಹಾದಿ. ಒಂದು ಮಗ್ಗುಲಲ್ಲಿ ಬಂಡೆ ಹಾಗೆಯೇ ಒಳಕ್ಕೆ ಬಂದಿದೆ. ಅದನ್ನು ಒಡೆದಿಲ್ಲ, ನುಣುಪು ಮಾಡಿಲ್ಲ, ದೀಪ ಹಾಕಿ ಮೆರೆಸಿಲ್ಲ. ಕಟ್ಟಡವೇ ಅದರ ಅಂಚಿಗೆ ತಾಗಿ ನಿಂತುಕೊಂಡಿದೆ. ಕಣ್ಣು ಆ ಮಬ್ಬಿಗೆ ಒಗ್ಗಿಕೊಳ್ಳುತ್ತಿರುವಾಗ ಹಾದಿ ತಿರುಗುತ್ತದೆ, ಎದುರಿನ ಗೋಡೆ ಇಲ್ಲವಾಗುತ್ತದೆ. ಮುಂದೆ ಈಜುಕೊಳ, ಅದರ ನೀರು ಮುಗಿಯುವಲ್ಲಿ ಕೆರೆಯ ನೀರು ಮೊದಲಾದಂತೆ ತೋರುತ್ತದೆ, ಅದರಾಚೆ ಕಾಡು, ಬೆಟ್ಟಗಳ ಸಾಲು.

ನಮ್ಮ ಹೊಯ್ಸಳ ಗುಡಿಗಳಲ್ಲಿ ಹೊರಗಿನ ಬಿಸಿಲಿನಿಂದ ನವರಂಗದ ನೆರಳಿಗೆ, ಅಲ್ಲಿಂದ ಗರ್ಭಗುಡಿಯ ಕತ್ತಲೆಗೆ ನಡೆಸಿಕೊಂಡು ಹೋಗುತ್ತಾರೆ. ಕತ್ತಲೆಯಲ್ಲಿ ಒಂದೇ ಒಂದು ದೀಪ, ಒಂದೇ ಮೂರ್ತಿ. ಬಾವಾ ಅದೇ ಕ್ರಮವನ್ನು ತಿರುಗಿಸಿ ಹಿಡಿಯುತ್ತಾರೆ: ಮೊದಲು ಕತ್ತಲೆ, ಕೊನೆಗೆ ಬಯಲು. 1969ರ ಹೊತ್ತಿಗೆ ಅವರು ಕಟ್ಟಿದ ಬೆಂಟೋಟ ಬೀಚ್ ಹೋಟೆಲಿನಲ್ಲೂ ಹೀಗೆಯೇ ಒರಟು ಕಲ್ಲಿನ ಗೋಡೆಗಳ ನಡುವೆ ಮೆಟ್ಟಿಲು ಹತ್ತಿಸಿ, ಬಣ್ಣಬಣ್ಣದ ಬಾಟಿಕ್ ಬಟ್ಟೆಯ ಒಳಚಾವಣಿಯ ಕೆಳಗೆ ತಂದು, ಕೊಳವಿರುವ ಅಂಗಳಕ್ಕೆ ಬಿಡುತ್ತಿದ್ದರು. ಎರಡೂ ಕಡೆ ಅತಿಥಿಯ ಕೈಯಲ್ಲಿ ನಕ್ಷೆಯಿಲ್ಲ, ಬೋರ್ಡಿಲ್ಲ. ಬೆಳಕೇ ದಾರಿ ತೋರಿಸುತ್ತದೆ.

ಕೋಣೆಗೆ ಹೋಗುವ ಓಣಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೋಟೆಲುಗಳಲ್ಲಿ ಸಾಮಾನ್ಯವಾಗಿ ಓಣಿಯ ಎರಡೂ ಬದಿಗೆ ಕೋಣೆಗಳಿರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಕೋಣೆ ಹಿಡಿಸಲು ಅದೇ ದಾರಿ. ಫಲವಾಗಿ ಓಣಿಗೆ ಗಾಳಿಯಿಲ್ಲ, ಹಗಲಲ್ಲೂ ಟ್ಯೂಬ್‌ಲೈಟು, ಕಾಲಡಿ ಕಾರ್ಪೆಟ್ಟು. ಕಂದಲಮದಲ್ಲಿ ಕೋಣೆಗಳು ಒಂದೇ ಬದಿಗೆ. ಇನ್ನೊಂದು ಬದಿ ತೆರೆದಿದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಗುಡ್ಡದ ಬಂಡೆ. ಮಳೆ ಬಂದಾಗ ನೀರು ಬಂಡೆಯ ಮೇಲಿಂದ ಇಳಿದು ಕಟ್ಟಡದ ಅಡಿಯಲ್ಲೇ ಕೆರೆಯತ್ತ ಹೋಗುತ್ತದೆ, ಏಕೆಂದರೆ ಕಟ್ಟಡ ನಿಂತಿರುವುದು ಕಂಬಗಳ ಮೇಲೆ. ಪಾಚಿಯ ವಾಸನೆ, ಒದ್ದೆ ಕಲ್ಲಿನ ತಂಪು, ಎಲ್ಲೋ ಒಂದು ಹಕ್ಕಿ. ಊಟಕ್ಕೆ, ಈಜಿಗೆ, ಚಹಾಕ್ಕೆ, ಪ್ರತಿ ಬಾರಿಯೂ ಈ ಓಣಿಯಲ್ಲೇ ನಡೆಯಬೇಕು. ದಿನ ಕಳೆದಂತೆ ನನ್ನ ಹೆಜ್ಜೆ ತಾನಾಗಿ ನಿಧಾನವಾಯಿತು. ಅಂಥ ಹೋಟೆಲಿಗೆ ದುಡ್ಡು ಕೊಟ್ಟು ಹೋಗುವುದು ಇದಕ್ಕೇ ಅಲ್ಲವೇ?

ಕೋಣೆ ಸರಳವಾಗಿದೆ. ಮಂಚ, ಮೇಜು, ಮರದ ನೆಲ; ಚಿನ್ನದ ಲೇಪವಿಲ್ಲ, ಅಮೃತಶಿಲೆಯಿಲ್ಲ. ಎಲ್ಲ ಜಾಣ್ಮೆಯೂ ಹೊರಗೋಡೆಯಲ್ಲಿದೆ. ಕಂಬಗಳಿಗೆ ಗಾಢ ಬಣ್ಣ ಬಳಿದು, ಮುಂದೆ ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಬಳ್ಳಿ ಹಬ್ಬಿಸಿದ್ದಾರೆ. ಚಾವಣಿಯ ಮೇಲೂ ಹಸಿರು. ಬಚ್ಚಲಿಗೆ ದೊಡ್ಡ ಗಾಜು; ಸ್ನಾನ ಮಾಡುತ್ತಾ ಎದುರಿಗೆ ಮರದ ಕೊಂಬೆ, ಕೆಲವೊಮ್ಮೆ ಕೊಂಬೆಯ ಮೇಲೆ ಕೋತಿ. ಬಾಲ್ಕನಿಯ ಬಾಗಿಲು ಮುಚ್ಚಿಡಿ ಎಂಬ ಸೂಚನೆಯನ್ನು ದಯವಿಟ್ಟು ಪಾಲಿಸಿ. ಅದು ಅವುಗಳ ಗುಡ್ಡ.

ಸಾಗುದಾರಿಯಲ್ಲಿ ಒಂದು ಮೆಟ್ಟಿಲ ಸಾಲಿನ ಮೇಲೆ ಲೋಹದಲ್ಲಿ ಮಾಡಿದ ಭಾರಿ ಗೂಬೆಯೊಂದು ರೆಕ್ಕೆ ಹರಡಿಕೊಂಡಿದೆ. ಲಕಿ ಸೇನಾನಾಯಕೆಯವರ ಶಿಲ್ಪ. ಬಾವಾ ಅವರ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಕಲಾವಿದ ಅವರು, 2021ರಲ್ಲಿ ತೀರಿಕೊಂಡರು. ಹೆಚ್ಚಿನ ಹೋಟೆಲುಗಳಲ್ಲಿ ಕಲಾಕೃತಿಯನ್ನು ಕಟ್ಟಡ ಮುಗಿದ ಮೇಲೆ ಖಾಲಿ ಗೋಡೆಗೆ ತಂದು ತೂಗುಹಾಕುತ್ತಾರೆ. ಈ ಗೂಬೆ ಹಾಗಲ್ಲ. ಹತ್ತುವವನು ಎಲ್ಲಿ ಮೇಲೆ ನೋಡುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾನೆ ಎಂದು ತಿಳಿದವರು ಇಟ್ಟ ಜಾಗ ಅದು.

ಇಲ್ಲಿಗೆ ಬಂದವರೆಲ್ಲ ಮೆಚ್ಚುವುದಿಲ್ಲ. ಇಷ್ಟು ಹಣ ಕೊಟ್ಟು ಬರೀ ಕಾಂಕ್ರೀಟು ನೋಡಬೇಕೇ ಎನ್ನುವವರಿದ್ದಾರೆ. ಓಣಿಯಲ್ಲಿ ರಾತ್ರಿ ಬೆಳಕು ಸಾಲದು, ನಡೆದು ನಡೆದು ಕಾಲು ನೋಯುತ್ತದೆ ಎನ್ನುವವರೂ ಇದ್ದಾರೆ. ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಂಕ್ರೀಟು ಕಾಡಿಗೆ ತನ್ನನ್ನು ಒಪ್ಪಿಸಿಕೊಳ್ಳಲೆಂದೇ ಕಟ್ಟಿದ್ದು. ಹೊಳೆಯುವ ಕಲ್ಲು ಹೊದಿಸಿದ್ದರೆ ಬಳ್ಳಿ ಹಬ್ಬುತ್ತಿರಲಿಲ್ಲ, ಮೂವತ್ತು ವರ್ಷದಲ್ಲಿ ಗೋಡೆ ಹೀಗೆ ಹಸಿರಾಗುತ್ತಿರಲಿಲ್ಲ. ಎರಡನೆಯದರಲ್ಲಿ ನ್ಯಾಯವಿದೆ. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು, ಮಂಡಿನೋವಿರುವವರು ಕೋಣೆ ಕಾದಿರಿಸುವಾಗಲೇ ಲಿಫ್ಟಿನ ಹತ್ತಿರ ಬೇಕೆಂದು ಕೇಳಿಕೊಳ್ಳಬೇಕು. ಉಳಿದವರು ಕೆರೆಗೆ ಮುಖ ಮಾಡಿದ, ಓಣಿಯ ಕೊನೆಗಿರುವ ಕೋಣೆ ಕೇಳಿ.

ಹೋಟೆಲು ಏಳುವಾಗ ಜೋರು ವಿರೋಧವೂ ಇತ್ತು. ಸುತ್ತಲಿನ ಹಳ್ಳಿಯವರು, ಬೌದ್ಧ ಭಿಕ್ಷುಗಳು, ಪರಿಸರವಾದಿಗಳು ಬೀದಿಗಿಳಿದರು. ಕೆರೆಯ ನೀರು ಕೆಡುತ್ತದೆ, ಊರಿನ ಬದುಕು ಕೆಡುತ್ತದೆ ಎಂಬ ಭಯ. ಕೆರೆಯನ್ನು ನಂಬಿ ಬದುಕಿದ ಊರುಗಳಲ್ಲಿ ಬೆಳೆದ ಯಾರಿಗಾದರೂ ಆ ಭಯ ಅರ್ಥವಾಗುತ್ತದೆ. ಬೆಂಗಳೂರಿನ ಕೆರೆಗಳಿಗೆ ಬಂದ ಗತಿ ನೋಡಿದವರಿಗಂತೂ ಬಿಡಿಸಿ ಹೇಳಬೇಕಿಲ್ಲ. ಆ ಜನ ಸುಮ್ಮನಿದ್ದಿದ್ದರೆ ಹೋಟೆಲು ಇಷ್ಟು ಎಚ್ಚರದಿಂದ ನಡೆದುಕೊಳ್ಳುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಬಳಸಿದ ನೀರನ್ನು ಅಲ್ಲೇ ಶುದ್ಧ ಮಾಡುವ ವ್ಯವಸ್ಥೆ ಬಂತು, ಮುಂದೆ ಲೀಡ್ ಎಂಬ ಹಸಿರು ಕಟ್ಟಡದ ಮನ್ನಣೆ ಪಡೆದ ಜಗತ್ತಿನ ಮೊದಲ ಹೋಟೆಲುಗಳ ಸಾಲಿಗೆ ಇದು ಸೇರಿತು. ವಿರೋಧಿಸಿದವರಿಗೂ ಅದರಲ್ಲಿ ಪಾಲಿದೆ.

ಗುಡ್ಡವನ್ನು ಕಡಿಯದೆ ಅದರ ಮೇಲೆ ಕೋಣೆಗಳನ್ನು ಹರಡುವ ಕೆಲಸವನ್ನು ನಮ್ಮಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಇನ್ನೂ ಮುಂಚೆ, 1970ರ ದಶಕದಲ್ಲಿ, ಕೇರಳದ ಕೋವಳಂನಲ್ಲಿ ಮಾಡಿದ್ದರು. ಸರ್ಕಾರಿ ಹೋಟೆಲೊಂದಕ್ಕೆ ಅಂಥ ವಿನ್ಯಾಸ ದಕ್ಕಿತ್ತೆಂಬುದು ಇವತ್ತಿಗೆ ಆಶ್ಚರ್ಯ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳು, ಪ್ರತಿಯೊಂದಕ್ಕೂ ಸಮುದ್ರ. ಆಮೇಲೆ ಮಾಲೀಕರು ಬದಲಾದಂತೆ ಸೇರ್ಪಡೆಗಳೂ ಬಂದವು. ಅಮೆರಿಕದ ಯೂಟಾ ಮರುಭೂಮಿಯಲ್ಲಿ 2009ರಲ್ಲಿ ತೆರೆದ ಅಮನ್‌ಗಿರಿಯಲ್ಲಿ ಈಜುಕೊಳವೇ ಒಂದು ಮರಳುಗಲ್ಲಿನ ಬಂಡೆಯನ್ನು ತಬ್ಬಿಕೊಂಡಂತೆ ಸುತ್ತಿ ಹೋಗುತ್ತದೆ. ಅಲ್ಲಿ ಒಂದು ರಾತ್ರಿಗೆ ಲಕ್ಷಗಟ್ಟಲೆ ರೂಪಾಯಿ. ಕಂದಲಮದಲ್ಲಿ ಅದರ ಸಣ್ಣ ಪಾಲು ಸಾಕು. ದುಡ್ಡಿನ ವ್ಯತ್ಯಾಸ ಎಷ್ಟೇ ಇರಲಿ, ಬಂಡೆಯನ್ನು ಬಂಡೆಯಾಗಿಯೇ ಉಳಿಯಗೊಟ್ಟ ವಿವೇಕ ಎರಡೂ ಕಡೆ ಒಂದೇ.

ಹೋಗುವುದಾದರೆ ಜನವರಿ ಕಳೆದ ಮೇಲೆ ಹೋಗಿ. ಆ ಭಾಗಕ್ಕೆ ಮಳೆ ತರುವುದು ಈಶಾನ್ಯ ಮಾರುತ. ವರ್ಷದ ಕೊನೆಯ ತಿಂಗಳುಗಳಲ್ಲಿ ಸುರಿದ ಮಳೆಗೆ ಕೆರೆ ತುಂಬಿರುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನೀರು ಹಿಂದೆ ಸರಿದು ಹುಲ್ಲು ಎದ್ದಿರುತ್ತದೆ. ಆಗ ಹತ್ತಿರದ ಮಿನ್ನೇರಿಯ ಕೆರೆಯಂಗಳಕ್ಕೆ ಆನೆಗಳು ನೂರಾರು ಸಂಖ್ಯೆಯಲ್ಲಿ ಬರುವುದರಿಂದ ಆ ಕಾಲಕ್ಕೂ ಅದರದೇ ಆಕರ್ಷಣೆಯಿದೆ. ದಂಬುಲ್ಲದ ಗುಹಾಲಯಗಳನ್ನು ನೋಡದೆ ಬರಬೇಡಿ. ಆ ತಗ್ಗು ಕಲ್ಲಿನ ಚಾವಣಿಯ ಕೆಳಗಿಂದ ಹೊರಬಂದು ಬಯಲಿಗೆ ಕಣ್ಣು ಹಾಯಿಸಿದಾಗ ಹೋಟೆಲಿನ ಬಾಗಿಲಿಗೆ ಆ ಗುಹೆಯಂಥ ಹಾದಿ ಎಲ್ಲಿಂದ ಬಂದಿರಬಹುದೆಂದು ಹೊಳೆಯುತ್ತದೆ.

ಕೈಯಲ್ಲಿ ಇನ್ನೂ ಸಮಯವಿದ್ದರೆ ಕೊಲಂಬೊದಿಂದ ದಕ್ಷಿಣಕ್ಕೆ, ಬೆಂಟೋಟದ ಹತ್ತಿರದ ಲುನುಗಂಗಕ್ಕೆ ಹೋಗಿ. ಬಾವಾ 1948ರಲ್ಲಿ ಕೊಂಡು, 2003ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದ ತೋಟ ಅದು. ಮನೆಯ ಎದುರಿನ ದಿಬ್ಬ ನೋಟಕ್ಕೆ ಅಡ್ಡವಾಗಿದೆಯೆಂದು ಅದರ ನೆತ್ತಿಯನ್ನು ತಗ್ಗಿಸಿ, ಆಚೆಯ ನೀರೂ ದೂರದ ಬೌದ್ಧ ಸ್ತೂಪವೂ ಕಾಣುವಂತೆ ಮಾಡಿದ್ದಾರೆ. ಈಗ ಅಲ್ಲಿ ಬೆರಳೆಣಿಕೆಯ ಅತಿಥಿಗಳಿಗೆ ಉಳಿಯಲು ಕೋಣೆಗಳಿವೆ. ಮುಂಚಿತವಾಗಿ ಬರೆದು ಕೇಳಬೇಕು. ಉಳಿಯಲಾಗದಿದ್ದರೂ ತೋಟ ಸುತ್ತಿಸುತ್ತಾರೆ, ಅದೂ ನಡೆದೇ.