ಒಂದೇ ಹೆಜ್ಜೆಯ ರಾಜ

ಚೆಕರ್ಸ್ ಕಲಿತ ಹೊಸದರಲ್ಲಿ ಎಲ್ಲರದೂ ಒಂದೇ ತಕರಾರು: ಇದೆಂಥ ರಾಜ? ಹನ್ನೆರಡು ಕಾಯಿಗಳ ನಡುವೆ ಜೀವ ಉಳಿಸಿಕೊಂಡು, ಎದುರಾಳಿಯ ಕೊನೆಯ ಸಾಲು ಮುಟ್ಟಿ, ತಲೆಯ ಮೇಲೆ ಇನ್ನೊಂದು ಕಾಯಿ ಹೊತ್ತ ಮೇಲೂ ಅವನ ನಡೆ ಓರೆಯಾಗಿ ಒಂದೇ ಮನೆ. ಹೆಚ್ಚಿಗೆ ಸಿಕ್ಕಿದ್ದೆಂದರೆ ಹಿಂದಕ್ಕೂ ನಡೆಯಬಹುದು, ಹಿಂದಕ್ಕೂ ಹೊಡೆಯಬಹುದು, ಅಷ್ಟೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರಿಗೆ ಈ ತಕರಾರು ಬರಬಾರದು. ಹುಲಿ-ಕುರಿ ಆಟದ ಹುಲಿಯದೂ ಇದೇ ನಡೆಯಲ್ಲವೇ? ಗೆರೆ ಹಿಡಿದು ಒಂದು ಮನೆ. ಪಕ್ಕದಲ್ಲಿ ಕುರಿ ಇದ್ದು, ಅದರಾಚೆ ನೇರಕ್ಕೆ ಜಾಗ ಖಾಲಿಯಿದ್ದರೆ ಹಾರಿ ಹೊಡೆಯುವುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಬಂದ ಆಂಧ್ರದ ರೈತರ ಕ್ಯಾಂಪುಗಳಲ್ಲಿ ಇದನ್ನೇ ಪುಲಿ-ಮೇಕ ಎಂದರೆ ತಿಳಿಯುತ್ತದೆ. ಮೂರು ಹುಲಿ, ಹದಿನೈದು ಕುರಿ. ಆದರೆ ಹುಲಿ ಹುಟ್ಟಾ ಹುಲಿ. ಯಾವ ಕುರಿಯೂ ಗೆರೆ ದಾಟಿ ಹುಲಿಯಾಗುವುದಿಲ್ಲ. ಚೆಕರ್ಸ್‌ನಲ್ಲಿ ರಾಜ್ಯವನ್ನು ದುಡಿದೇ ಪಡೆಯಬೇಕು. ಆ ಮಟ್ಟಿಗೆ ಅದು ನಮ್ಮ ಆಟಕ್ಕಿಂತ ಒಂದು ಕೈ ಮೇಲು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಹುಲಿ ಬೇಕಾದರೆ ಹೊಡೆಯುತ್ತದೆ, ಬೇಡವಾದರೆ ಕಾಯುತ್ತದೆ. ಚೆಕರ್ಸ್‌ನ ರಾಜನಿಗೆ ಆ ಸ್ವಾತಂತ್ರ್ಯವಿಲ್ಲ. ಹೊಡೆತ ಸಿಕ್ಕರೆ ಹೊಡೆಯಲೇಬೇಕು. ಎದುರಾಳಿಯ ರಾಜ ಸುರಕ್ಷಿತವಾಗಿ ಅಂಚಿನಲ್ಲಿ ಕೂತಿದ್ದಾನೆನ್ನಿ. ನೀವು ಒಂದು ಕಾಯಿಯನ್ನು ಬೇಕೆಂದೇ ಅವನ ಮಗ್ಗುಲಿಗೆ ತಳ್ಳುತ್ತೀರಿ. ಅದರಾಚೆಯ ಮನೆ ಖಾಲಿ. ಮೋಸ ಅವನಿಗೂ ಕಾಣುತ್ತದೆ, ಆದರೆ ನಿಯಮ ಬಿಡುವುದಿಲ್ಲ. ಹಾರಿ ಒಳಗೆ ಬೀಳುತ್ತಾನೆ. ಕಾದು ನಿಂತ ನಿಮ್ಮ ರಾಜ ಅವನನ್ನೂ, ಅವನ ಹಿಂದಿನ ಇನ್ನೊಂದು ಕಾಯಿಯನ್ನೂ ಒಂದೇ ಸರದಿಯಲ್ಲಿ ಎತ್ತುತ್ತಾನೆ. ಹಳ್ಳಿಕಟ್ಟೆಯ ಆಟವಿರಲಿ, ಮೊಬೈಲ್ ಆಟವಿರಲಿ, ‘ಹೊಡೆಯುವುದು ನಮ್ಮ ಇಷ್ಟ’ ಎಂದು ಈ ನಿಯಮ ಸಡಿಲಿಸಿದರೆ ಚೆಕರ್ಸ್ ಸತ್ತಂತೆಯೇ.

‘ಹಾರುವ ರಾಜ’ನ ಪಕ್ಷದವರು ಬಹಳ. ರಷ್ಯದ ಆಟದಲ್ಲಿ, ನೂರು ಮನೆಯ ಅಂತರರಾಷ್ಟ್ರೀಯ ಆಟದಲ್ಲಿ ರಾಜ ಖಾಲಿ ಓರೆಗೆರೆಯುದ್ದಕ್ಕೂ ಓಡುತ್ತಾನೆ, ದೂರದ ಕಾಯಿಯನ್ನೂ ಹಾರಿ ಹೊಡೆದು ಅದರಾಚೆ ಎಷ್ಟು ದೂರ ಬೇಕಾದರೂ ಇಳಿಯುತ್ತಾನೆ. ನೋಡಲಿಕ್ಕೆ ಭರ್ಜರಿ. ಆದರೆ ಕೊನೆಯಾಟ ನೋಡಿ: ಒಂಟಿ ರಾಜ ಮೂಲೆಯಿಂದ ಮೂಲೆಗೆ ಹೋಗುವ ಉದ್ದ ಗೆರೆ ಹಿಡಿದು ಕೂತರೆ ಮೂವರು ರಾಜರು ಸೇರಿದರೂ ಅವನನ್ನು ಹಿಡಿಯಲಾರರು. ಆಟ ಡ್ರಾ. ಒಂದೇ ಹೆಜ್ಜೆಯ ಆಟದಲ್ಲಿ ಹಾಗಲ್ಲ. ಎರಡು ಮನೆಯ ಮೂಲೆಯಲ್ಲಿ ಅತ್ತಿಂದಿತ್ತ ಆಡುತ್ತ ಕೂತ ಒಂಟಿ ರಾಜನನ್ನೂ ಇಬ್ಬರು ರಾಜರು ಹೊರಗೆಳೆದು ಸೋಲಿಸಬಹುದು. ಅದಕ್ಕೆ ಲೆಕ್ಕ ಬೇಕು, ತಾಳ್ಮೆ ಬೇಕು. ರಾಯಚೂರು ಸೀಮೆಯ ಎಡೆದೊರೆ ನಾಡಿಗೆ ಈ ತಾಳ್ಮೆ ಹೊಸತಲ್ಲ. ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ವಿಜಯನಗರ ಮತ್ತು ಬಹಮನಿಗಳು ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನ ದಂಡು ಬಂದದ್ದೂ ಮಜಲು ಮಜಲಾಗಿಯೇ.

ಒಂದೇ ಹೆಜ್ಜೆಯ ಆಟವೂ ಕೊನೆಗೆ ಡ್ರಾ ತಾನೇ ಎನ್ನಬಹುದು. ನಿಜ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ತಂಡ ಕಂಪ್ಯೂಟರಿನಿಂದ ಚೆಕರ್ಸ್ ಬಿಡಿಸಲು 1989ರಲ್ಲಿ ಶುರು ಮಾಡಿದ ಕೆಲಸ 2007ರಲ್ಲಿ ಮುಗಿದಾಗ ಹೊರಬಿದ್ದ ಫಲಿತಾಂಶ ಅದೇ: ಇಬ್ಬರೂ ತಪ್ಪದೆ ಆಡಿದರೆ ಸಮ. ಆದರೆ ಅಷ್ಟು ವರ್ಷ ಕಂಪ್ಯೂಟರುಗಳು ಕೂತು ತಪ್ಪಿಸಿದ ತಪ್ಪುಗಳನ್ನು ಮನುಷ್ಯರು ಹತ್ತೇ ನಿಮಿಷದಲ್ಲಿ ಮಾಡುತ್ತಾರೆ. ನಮ್ಮ ಆಟಕ್ಕೆ ಅಪಾಯವೇನಿಲ್ಲ.

ನನಗೆ ಒಪ್ಪಿಗೆಯಾಗದ್ದು ಒಂದೇ. ಹೊಡೆಯುತ್ತ ಹೊಡೆಯುತ್ತ ಕೊನೆಯ ಸಾಲು ಮುಟ್ಟಿದ ಕಾಯಿ, ಮುಂದೆ ಹಿಮ್ಮುಖವಾಗಿ ಇನ್ನೊಂದು ಹೊಡೆತ ಬಾಯಿ ತೆರೆದು ನಿಂತಿದ್ದರೂ, ಅಲ್ಲೇ ನಿಂತು ಕಿರೀಟಕ್ಕೆ ಕಾಯಬೇಕು. ರಷ್ಯದ ಆಟದಲ್ಲಿ ಆ ಕಾಯಿ ಅದೇ ಸರದಿಯಲ್ಲಿ ರಾಜನಾಗಿ ಹೊಡೆತ ಮುಂದುವರಿಸುತ್ತದೆ. ಇದೊಂದರಲ್ಲಿ ಅವರದೇ ಸರಿ.