ಕೈಯ ಓಟಕ್ಕೆ ತಕ್ಕ ಆಟೋಕ್ಯಾಡ್

ಎರಡು ಆಯಾಮದ ನಕ್ಷೆ ಹಿಂದಿನ ಆವೃತ್ತಿಗಿಂತ ಹನ್ನೊಂದು ಪಟ್ಟಿನವರೆಗೆ ಬೇಗ ತೆರೆಯುತ್ತದೆ, ಪ್ರೋಗ್ರಾಮ್ ನಾಲ್ಕು ಪಟ್ಟಿನವರೆಗೆ ಬೇಗ ಶುರುವಾಗುತ್ತದೆ. ನಕ್ಷೆ ಬರೆಯುವ ಪ್ರೋಗ್ರಾಮ್ ಆಟೋಕ್ಯಾಡ್‌ನ 2026ರ ಆವೃತ್ತಿ ಬಂದಾಗ ಅದನ್ನು ತಯಾರಿಸುವ ಆಟೋಡೆಸ್ಕ್ ಕಂಪನಿ ಮುಂದೆ ನಿಲ್ಲಿಸಿದ ಮಾತು ಇದು. ವೇಗವನ್ನೇ ಹೀಗೆ ಎತ್ತಿ ಹೇಳಿದ್ದು ನನಗೆ ಸಮಾಧಾನ ತಂದಿತು. ಹೊಸ ಗುಂಡಿ, ಹೊಸ ಫಲಕ, ಹೊಸ ಬಣ್ಣ ತೋರಿಸಿ ಆವೃತ್ತಿ ಮಾರುವ ಅಭ್ಯಾಸ ಈ ಉದ್ಯಮಕ್ಕೆ ಬಹಳ ಹಿಂದಿನಿಂದ ಇದೆ. ಅದರ ನಡುವೆ, ಕಾಯುವ ಹೊತ್ತನ್ನು ಕಡಿಮೆ ಮಾಡಿದ್ದೇವೆ ಎನ್ನುವುದು ನಕ್ಷೆ ಬರೆಯುವವರ ಕಡೆ ಮುಖ ಮಾಡಿದ ಮಾತು. ಆದರೂ ‘ವರೆಗೆ’ ಎಂಬುದನ್ನು ಮರೆಯಬಾರದು. ಒಂದು ನಕ್ಷೆಗೆ ಜೋಡಿಸಿದ ಎಕ್ಸ್‌ರೆಫ್‌ಗಳು, ಅಂದರೆ ಹೊರಗಿನ ನಕ್ಷೆಗಳು, ಕಚೇರಿಯ ಸರ್ವರ್‌ನಿಂದ ಬರಬೇಕು, ಆಂಟಿವೈರಸ್ ಪ್ರತಿಯೊಂದನ್ನೂ ತಡೆದು ನೋಡಬೇಕು, ಕಾಣೆಯಾದ ಫಾಂಟ್ ಹುಡುಕಬೇಕು. ಇಂಥ ಕಡೆ ಪ್ರೋಗ್ರಾಮ್ ಎಷ್ಟೇ ಚುರುಕಾದರೂ ದಾರಿ ಕಿರಿದಾಗಿಯೇ ಇರುತ್ತದೆ. ಇನ್ನೊಂದು ಮಾತೂ ಇದೆ: ನಕ್ಷೆಯನ್ನು ತೆರೆಯುವುದು ದಿನಕ್ಕೆ ಕೆಲವು ಸಲ. ಗೆರೆ ಕತ್ತರಿಸುವುದು ನೂರಾರು ಸಲ. ವೇಗವನ್ನು ಅಳೆಯಬೇಕಾದ ಜಾಗ ಅಲ್ಲಿ.

ಪಳಗಿದ ಡ್ರಾಫ್ಟ್ಸ್‌ಮನ್ ಒಬ್ಬರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಎಡಗೈ ಕೀಲಿಮಣೆಯ ಮೇಲೆ, ಬಲಗೈ ಮೌಸ್ ಮೇಲೆ. ಕಣ್ಣು ನಕ್ಷೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಕಮಾಂಡುಗಳಿಗೆ ಒಂದೆರಡು ಅಕ್ಷರ ಸಾಕು: ಗೆರೆಗೆ ಎಲ್, ಸಮಾಂತರ ಗೆರೆಯ ಆಫ್‌ಸೆಟ್‌ಗೆ ಓ, ಮೂಲೆ ಕೂಡಿಸುವ ಫಿಲೆಟ್‌ಗೆ ಎಫ್, ಗೆರೆ ಕತ್ತರಿಸುವ ಟ್ರಿಮ್‌ಗೆ ಟಿಆರ್. ಮುಂದಿನ ಗೋಡೆ ಎಲ್ಲಿ ತಿರುಗುತ್ತದೆ ಎಂದು ಮನಸ್ಸು ಯೋಚಿಸುತ್ತಿರುವಾಗ ಬೆರಳು ಹಿಂದಿನ ಗೋಡೆಯನ್ನು ಮುಗಿಸುತ್ತಿರುತ್ತದೆ. ಈ ಓಟ ಒಮ್ಮೆ ಮುರಿದರೆ ಹೋಗುವುದು ಎರಡು ಸೆಕೆಂಡ್ ಮಾತ್ರವಲ್ಲ, ಕೈಯಲ್ಲಿದ್ದ ಯೋಚನೆಯೂ ಹೋಗುತ್ತದೆ. ಹೊಸ ಸೌಲಭ್ಯವೊಂದು ಈ ಓಟದ ಒಳಗೆ ಸೇರಿಕೊಳ್ಳುತ್ತದೆಯೋ ಅಡ್ಡ ನಿಲ್ಲುತ್ತದೆಯೋ ಎಂಬುದನ್ನೇ ನಾನು ಮೊದಲು ನೋಡುವುದು.

ಆ ಲೆಕ್ಕದಲ್ಲಿ ಈಚಿನ ವರ್ಷಗಳ ಅತಿ ದೊಡ್ಡ ಸುಧಾರಣೆ 2021ರ ಆವೃತ್ತಿಯ ಟ್ರಿಮ್. ಅದಕ್ಕೂ ಮೊದಲು ಟಿಆರ್ ಒತ್ತಿದೊಡನೆ, ಯಾವ ಗೆರೆಗೆ ತಾಗಿ ಕತ್ತರಿಸಬೇಕು ಎಂದು ಪ್ರೋಗ್ರಾಮ್ ಕೇಳುತ್ತಿತ್ತು. ಆ ಗೆರೆಗಳನ್ನು ಆರಿಸಿ, ಎಂಟರ್ ಒತ್ತಿ, ಆಮೇಲೆ ಬೇಡದ ತುಂಡುಗಳನ್ನು ತೋರಿಸಬೇಕಿತ್ತು. ಪಳಗಿದವರು ಏನನ್ನೂ ಆರಿಸದೆ ಎಂಟರ್ ಒತ್ತಿಬಿಡುತ್ತಿದ್ದರು. ಆಗ ನಕ್ಷೆಯ ಎಲ್ಲ ಗೆರೆಗಳೂ ಕತ್ತರಿಸುವ ಅಂಚುಗಳಾಗುತ್ತಿದ್ದವು. ಹೊಸಬರಿಗೆ ಹಿರಿಯರು ಹೇಳಿಕೊಡುತ್ತಿದ್ದ ಮೊದಮೊದಲ ಗುಟ್ಟುಗಳಲ್ಲಿ ಇದೂ ಒಂದು. 2021ರ ಆವೃತ್ತಿಯಲ್ಲಿ ಆ ಗುಟ್ಟೇ ನಿಯಮವಾಯಿತು. ಕಮಾಂಡ್ ಕೊಟ್ಟ ಕ್ಷಣದಿಂದಲೇ ಕತ್ತರಿಸಬಹುದು, ಮೌಸ್ ಒತ್ತಿಹಿಡಿದು ಎಳೆದರೆ ದಾರಿಯಲ್ಲಿ ಸಿಕ್ಕಿದ ತುಂಡುಗಳೆಲ್ಲ ಹೋಗುತ್ತವೆ, ಅಡ್ಡಗೆರೆಯೇ ಇಲ್ಲದ ಒಂಟಿ ತುಂಡು ಪೂರ್ತಿ ಅಳಿಸಿಹೋಗುತ್ತದೆ. ಗೆರೆಯನ್ನು ಮುಂದಕ್ಕೆ ಚಾಚುವ ಎಕ್ಸ್‌ಟೆಂಡ್‌ಗೂ ಇದೇ ನಡೆ. ಒಂದು ಸಲಕ್ಕೆ ಉಳಿಯುವುದು ಒಂದು ಒತ್ತು, ದಿನಕ್ಕೆ ಉಳಿಯುವುದು ಎಷ್ಟೆಂದು ಬೆರಳಿಗೆ ಗೊತ್ತು.

ಈ ಬದಲಾವಣೆಯಲ್ಲಿ ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಅದರ ವಿನಯ. ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ ಎಂಬ ಚರವನ್ನು ಸೊನ್ನೆ ಮಾಡಿದರೆ ಹಳೆಯ ನಡೆ ಹಾಗೇ ಮರಳುತ್ತದೆ. ಅದು ಬೇಕಾಗುವ ಸಂದರ್ಭಗಳೂ ಇವೆ. ಟೈಲ್ಸ್, ಪೀಠೋಪಕರಣ, ಕೊಳವೆ ಎಲ್ಲ ಒಂದರ ಮೇಲೊಂದು ಬಿದ್ದಿರುವ ನಕ್ಷೆಯಲ್ಲಿ ಪ್ರತಿಯೊಂದು ಗೆರೆಯೂ ಅಂಚಾದರೆ ಕತ್ತರಿ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಗೋಡೆಯೊಂದನ್ನೇ ಅಂಚಾಗಿ ಆರಿಸಿಕೊಳ್ಳುವ ಹಳೆಯ ಕ್ರಮ ಅಲ್ಲಿ ಉತ್ತಮ. ವರ್ಷಾನುವರ್ಷ ಕೈಗೆ ಅಂಟಿದ ಅಭ್ಯಾಸವನ್ನು ಗೌರವಿಸುತ್ತಲೇ ಹೊಸದನ್ನು ಮುಂದಿಡುವುದು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಸೌಲಭ್ಯ ಮತ್ತು ವೇಗ ಒಂದನ್ನೊಂದು ತಿನ್ನಬಲ್ಲವು ಎಂಬ ಪಾಠವನ್ನು ಆಟೋಕ್ಯಾಡ್ ತನ್ನ ಇತಿಹಾಸದಲ್ಲೇ ಕಲಿತಿದೆ. 1982ರ ಕೊನೆಯಲ್ಲಿ ಸಾಧಾರಣ ಪರ್ಸನಲ್ ಕಂಪ್ಯೂಟರ್‌ಗೆಂದು ಬಂದ ಪ್ರೋಗ್ರಾಮ್ ಇದು. 1992ರ ರಿಲೀಸ್ 12 ಬಹಳ ನೆಚ್ಚಿನದಾಯಿತು. 1994ರ ಕೊನೆಯಲ್ಲಿ ಬಂದ ರಿಲೀಸ್ 13 ತುಂಬು ತಟ್ಟೆಯನ್ನೇ ತಂದಿತು: ಘನಾಕೃತಿಗಳು, ಗಡಿಗೆರೆ ಸರಿದರೆ ಜೊತೆಗೇ ಸರಿಯುವ ಹ್ಯಾಚ್ (ಒಳಗೆ ತುಂಬುವ ವಿನ್ಯಾಸ), ಪ್ಯಾರಾಗ್ರಾಫ್ ಬರೆಯಬಲ್ಲ ಎಂಟೆಕ್ಸ್ಟ್. ಆದರೆ ಅದು ನಿಧಾನ, ಮೇಲೆ ದೋಷಗಳೂ ಬಹಳ. ಸೌಲಭ್ಯಗಳ ಪಟ್ಟಿ ಉದ್ದವಿದ್ದರೂ ಎಷ್ಟೋ ಕಚೇರಿಗಳು ರಿಲೀಸ್ 12ನ್ನೇ ಹಿಡಿದು ಕೂತವು. 1997ರ ರಿಲೀಸ್ 14 ಡಾಸ್ ಮತ್ತು ಯುನಿಕ್ಸ್‌ಗಳನ್ನು ಕೈಬಿಟ್ಟು ವಿಂಡೋಸ್ ಒಂದಕ್ಕೇ ನಿಂತಿತು, ಒಳಗಿನಿಂದ ಹಗುರಾಯಿತು. ಆಗ ಬಂದ ಹಗುರ ಪಾಲಿಲೈನ್ (ಹಲವು ತಿರುವುಗಳ ಒಂದೇ ಗೆರೆ) ನನ್ನ ಮಟ್ಟಿಗೆ ಆ ಆವೃತ್ತಿಯ ಹೃದಯ. ಹಿಂದೆ ಪಾಲಿಲೈನಿನ ಪ್ರತಿಯೊಂದು ಮೂಲೆಯೂ ಬೇರೊಂದು ವಸ್ತುವಾಗಿ ಫೈಲಿನಲ್ಲಿ ಕೂರುತ್ತಿತ್ತು. ನೂರು ತಿರುವಿನ ಗಡಿರೇಖೆಗೆ ನೂರಕ್ಕೂ ಮೀರಿದ ವಸ್ತುಗಳು. ಅವನ್ನೆಲ್ಲ ಒಂದೇ ವಸ್ತುವಿನೊಳಗೆ ಅಂಕಿಗಳಾಗಿ ಅಡಕ ಮಾಡಿದಾಗ ಫೈಲೂ ಇಳಿಯಿತು, ಮೆಮೊರಿಯೂ ಉಳಿಯಿತು. ಪರದೆಯ ಮೇಲೆ ನೋಡಿದವರಿಗೆ ಹೊಸತೇನೂ ಕಾಣಲಿಲ್ಲ, ನಕ್ಷೆ ಮಾತ್ರ ಓಡತೊಡಗಿತು.

ಇವತ್ತಿನ ನಿಧಾನದ ಮೂಲವನ್ನೂ ಫೈಲಿನ ಒಳಗೇ ಹುಡುಕಬೇಕು. ಆಟೋಕ್ಯಾಡ್‌ನ ಹೆಚ್ಚಿನ ಕೆಲಸ ಈಗಲೂ ಪ್ರೊಸೆಸರಿನ ಒಂದೇ ಕೋರ್ ಮೇಲೆ ನಡೆಯುತ್ತದೆ. ಹದಿನಾರು ಕೋರಿನ ಯಂತ್ರ ಕೊಂಡರೂ ಹದಿನೈದು ಬಹುಪಾಲು ಬಿಡುವಾಗಿರುತ್ತವೆ. ಹಾಗಿರುವಾಗ ಫೈಲಿನಲ್ಲಿ ಸೇರಿಕೊಂಡ ಕಸ ನೇರವಾಗಿ ಕೈಗೆ ತಾಗುತ್ತದೆ. ಮೈಕ್ರೋಸ್ಟೇಷನ್ ಎಂಬ ಇನ್ನೊಂದು ನಕ್ಷೆ ಪ್ರೋಗ್ರಾಮಿನಿಂದ ಆಮದಾದ ನಕ್ಷೆಯ ಒಂದು ಗೆರೆಯನ್ನು ನಕಲು ಮಾಡಿ ಅಂಟಿಸಿದರೂ ಸಾಕಿತ್ತು, ಅದರ ಡಿಜಿಎನ್ ಗೆರೆಶೈಲಿಗಳು ಹಿಂಡುಹಿಂಡಾಗಿ ಜೊತೆಗೆ ಬರುತ್ತಿದ್ದವು. ಕಣ್ಣಿಗೆ ಕಾಣದ ಆ ಹೊರೆ ಒಂದು ಫೈಲಿನಿಂದ ಇನ್ನೊಂದಕ್ಕೆ ದಾಟುತ್ತ ಸಣ್ಣ ನಕ್ಷೆಯನ್ನೂ ಹಲವು ಪಟ್ಟು ಊದಿಸುತ್ತಿತ್ತು. ಅದನ್ನು ತೊಳೆಯಲು ಕಂಪನಿ ಬೇರೆ ಉಪಕರಣವನ್ನೇ ಬಿಡಬೇಕಾಯಿತು. ಯಾವತ್ತೋ ಬಳಸಿದ ಹೊರಗಿನ ಪ್ರೋಗ್ರಾಮುಗಳ ಗುರುತುಗಳಾದ ರೆಗ್‌ಆ್ಯಪ್‌ಗಳೂ ಹೀಗೆಯೇ ಸಾವಿರಗಟ್ಟಲೆ ಸೇರುತ್ತವೆ. 2020ರ ಆವೃತ್ತಿಯಲ್ಲಿ, ಬಳಕೆಯಲ್ಲಿಲ್ಲದ್ದನ್ನು ತೆಗೆದುಹಾಕುವ ಪರ್ಜ್ ಕಿಟಕಿಯನ್ನು ಹೊಸದಾಗಿ ಕಟ್ಟಿದರು. ಯಾವುದನ್ನು ತೆಗೆಯಲಾಗದು, ಯಾಕೆ ತೆಗೆಯಲಾಗದು ಎಂದು ಈಗ ಅದು ತೋರಿಸುತ್ತದೆ. ಒಳ್ಳೆಯದೇ. ಆದರೆ ಇಂಥ ಕಸವನ್ನು ಫೈಲು ಉಳಿಸುವಾಗಲೇ ತಡೆದು ಎಚ್ಚರಿಸುವ ಕೆಲಸವನ್ನು ಪ್ರೋಗ್ರಾಮ್ ಇನ್ನೂ ಪೂರ್ತಿ ತನ್ನ ಮೇಲೆ ಹೊತ್ತಿಲ್ಲ. ಕಸ ತೆಗೆಯುವ ಪರ್ಜ್, ದೋಷ ತಿದ್ದುವ ಆಡಿಟ್ ಎಂಬ ಶಿಸ್ತು ನಕ್ಷೆ ಬರೆಯುವವರ ಪಾಲಿಗೇ ಉಳಿದಿದೆ.

ನಮ್ಮ ಕಡೆ ಮತ್ತೆಮತ್ತೆ ಎದುರಾಗುವ ಇನ್ನೊಂದು ತೊಡಕಿದೆ, ಅದಕ್ಕೆ ಸ್ವಲ್ಪ ಜಾಗ ಕೊಡಬೇಕು. ಸರ್ವೆಯವರು ಕೊಡುವ ಫೈಲು, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ನಿರ್ದೇಶಾಂಕಗಳಲ್ಲಿ ಇರುತ್ತದೆ. ಬೆಂಗಳೂರು ಬೀಳುವುದು 43ನೇ ವಲಯದಲ್ಲಿ: ಪೂರ್ವಕ್ಕೆ ಸುಮಾರು 7,80,000 ಮೀಟರ್, ಉತ್ತರಕ್ಕೆ ಸುಮಾರು 14,34,000 ಮೀಟರ್. ಕಟ್ಟಡದ ನಕ್ಷೆ ಬರೆಯುವುದು ಮಿಲಿಮೀಟರಿನಲ್ಲಿ. ಸೈಟನ್ನು ಅದೇ ಜಾಗದಲ್ಲಿಟ್ಟು ಸಾವಿರ ಪಟ್ಟು ಹಿಗ್ಗಿಸಿದರೆ ಮನೆಯ ಮೂಲೆ ಮೂಲಬಿಂದುವಿನಿಂದ ನೂರನಲವತ್ತು ಕೋಟಿ ಮಿಲಿಮೀಟರಿಗೂ ಆಚೆ ಹೋಗಿ ನಿಲ್ಲುತ್ತದೆ. ಫೈಲು ಅಂಕಿಗಳನ್ನು ಹದಿನೈದು ಸ್ಥಾನದ ನಿಖರತೆಯಲ್ಲಿ ಇಟ್ಟುಕೊಳ್ಳುವುದರಿಂದ ಲೆಕ್ಕಕ್ಕೆ ಧಕ್ಕೆಯಿಲ್ಲ. ಆದರೆ ಪರದೆಗೆ ಬಿಡಿಸುವ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಏಳು ಸ್ಥಾನದಲ್ಲಿ ಲೆಕ್ಕ ಹಾಕುತ್ತದೆ. ಅಷ್ಟು ದೂರದಲ್ಲಿ ಅದಕ್ಕೆ ಸಿಗುವ ಅತಿ ಚಿಕ್ಕ ಹೆಜ್ಜೆ 128 ಮಿಲಿಮೀಟರ್, ಅಂದರೆ ಒಂದು ಒಳಗೋಡೆಯ ದಪ್ಪಕ್ಕಿಂತ ಹೆಚ್ಚು. ಪ್ರೋಗ್ರಾಮ್ ಇದನ್ನು ಒಳಗೊಳಗೇ ಸರಿದೂಗಿಸಲು ನೋಡುತ್ತದೆ, ಆದರೂ ಹ್ಯಾಚ್ ತುಂಬದೆ ಹೋಗುವುದು, ವೃತ್ತ ಮುರುಟುವುದು, ಆರಿಸಿದ ಗೆರೆ ನಡುಗುವುದು ನಿಂತಿಲ್ಲ. ಇಷ್ಟು ವರ್ಷಗಳ ಪರಿಹಾರ ಎಂದರೆ, ನಕ್ಷೆಯನ್ನು ಮೂಲಬಿಂದುವಿನ ಹತ್ತಿರ ಬರೆದು ಸರ್ವೆಯನ್ನು ಎಕ್ಸ್‌ರೆಫ್ ಆಗಿ ಸರಿಸಿ ಕೂರಿಸುವುದು. 2026ರ ವೇಗವನ್ನು ಹೊಗಳುವಾಗಲೂ ಈ ಹಳೆಯ ಬಾಕಿ ನನ್ನ ಮನಸ್ಸಿನಲ್ಲಿರುತ್ತದೆ.

ಹೊಸ ಸೌಲಭ್ಯಗಳ ಕಡೆ ಬಂದರೆ, 2022ರ ಕೌಂಟ್ ನನಗೆ ಬಹಳ ಬೇಕಾದದ್ದು. ನಕ್ಷೆಯಲ್ಲಿ ಎಷ್ಟು ಬಾಗಿಲು, ಎಷ್ಟು ಕಿಟಕಿ, ಎಷ್ಟು ಸ್ವಿಚ್‌ಬೋರ್ಡ್ ಎಂದು ಎಣಿಸಿ ಪಟ್ಟಿ ಮಾಡುವುದು ಅಂದಾಜುಪಟ್ಟಿಯ ಬುನಾದಿ. ಹಿಂದೆಯೂ ಎಣಿಸಲು ದಾರಿಗಳಿದ್ದವು. ಕೌಂಟ್ ಎಣಿಸುವುದರ ಜೊತೆಗೆ ಅನುಮಾನವನ್ನೂ ಪಡುತ್ತದೆ: ಒಂದರ ಮೇಲೊಂದು ಬಿದ್ದ ಎರಡು ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪು), ಒಡೆದು ಗೆರೆಯಾಗಿಸಿದ ಬ್ಲಾಕ್ ಇಂಥವನ್ನು ಎತ್ತಿ ತೋರಿಸುತ್ತದೆ. ಒಂದೇ ಜಾಗದಲ್ಲಿ ಎರಡು ಸಲ ಅಂಟಿಸಿದ ಬಾಗಿಲು ಕಣ್ಣಿಗೆ ಒಂದೇ, ಬಿಲ್ಲಿನಲ್ಲಿ ಎರಡು. ಅದೇ ಆವೃತ್ತಿಯ ಟ್ರೇಸ್ ಕೂಡ ವೃತ್ತಿಯ ಒಳಗಿನಿಂದ ಬಂದ ಯೋಚನೆ. ರಾಟ್ರಿಂಗ್ ಪೆನ್ನಿನ ಕಾಲದಲ್ಲಿ ಮೂಲ ಹಾಳೆಯನ್ನು ಮುಟ್ಟದೆ ಮೇಲೊಂದು ಟ್ರೇಸಿಂಗ್ ಶೀಟ್ ಹಾಸಿ ತಿದ್ದುಪಡಿ ಬರೆಯುತ್ತಿದ್ದರಲ್ಲ, ಅದೇ ಸಭ್ಯತೆ ಇಲ್ಲಿದೆ. ಹಿರಿಯರು ಮೇಲೆ ಗೀಚುತ್ತಾರೆ, ಕೆಳಗಿನ ನಕ್ಷೆ ಹಾಗೇ ಇರುತ್ತದೆ.

ಆಮೇಲೆ ಬಂದ ಮಾರ್ಕಪ್ ಇಂಪೋರ್ಟ್ ಬಗ್ಗೆ ಅಷ್ಟು ಉತ್ಸಾಹ ಹುಟ್ಟಲಿಲ್ಲ. ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿದ್ದನ್ನು ಫೋಟೋ ತೆಗೆದು ನಕ್ಷೆಯ ಮೇಲೆ ಹೊಂದಿಸುವುದು ನಿಜಕ್ಕೂ ಉಪಯುಕ್ತ. ಆ ಬರಹವನ್ನು ಓದಿ, ಮೂವ್, ಕಾಪಿ, ಡಿಲೀಟ್ ಎಂಬ ಇಂಗ್ಲಿಷ್ ಪದಗಳನ್ನು ಗುರುತಿಸಿ ನೆರವಾಗುತ್ತೇನೆ ಎನ್ನುವಲ್ಲಿಗೆ ಬಂದಾಗ ಅದು ಸುಲಭದ ಭಾಗವನ್ನಷ್ಟೇ ಮಾಡುತ್ತಿದೆ. ಸೈಟಿನಿಂದ ಬರುವ ತಿದ್ದುಪಡಿ ‘ಈ ಗೋಡೆ ನಾಲ್ಕೂವರೆ ಇಂಚು ಮಾಡಿ’ ಎಂದಿರುತ್ತದೆ. ಗೋಡೆ ತೆಳುವಾದರೆ ಬಾಗಿಲ ಚೌಕಟ್ಟು, ಕೋಣೆಯ ಅಳತೆ, ಮೇಲಿನ ತೊಲೆಯ ಕೂರುವಿಕೆ ಎಲ್ಲ ಬದಲಾಗುತ್ತವೆ. ಡ್ರಾಫ್ಟ್ಸ್‌ಮನ್ನರ ವಿದ್ಯೆ ಇರುವುದು ಆ ಸರಪಳಿಯನ್ನು ಕಾಣುವುದರಲ್ಲಿ.

ಸ್ಮಾರ್ಟ್ ಬ್ಲಾಕ್‌ಗಳದ್ದು ಮಿಶ್ರ ಫಲ. 2024ರ ಆವೃತ್ತಿಯಲ್ಲಿ ಬಂದ ಮೊದಲ ರೂಪ, ಈ ಬ್ಲಾಕನ್ನು ಹಿಂದೆ ಹೇಗೆ ಕೂರಿಸಿದ್ದಿರಿ ಎಂದು ನೋಡಿ ಮುಂದಿನದಕ್ಕೆ ಜಾಗ ಮತ್ತು ಕೋನ ಸೂಚಿಸುತ್ತದೆ. ಮೇಜಿನ ಸುತ್ತ ಕುರ್ಚಿ ಇಡುವಾಗ ಹಿತ, ಬೇಡದ ಕಡೆ ತಾನೇ ತಿರುಗಿಕೊಂಡಾಗ ಓಟಕ್ಕೆ ಅಡ್ಡಿ. 2025ರ ರೂಪವೇ ತೂಕದ್ದು. ಹಳೆಯ ನಕ್ಷೆಯಲ್ಲಿ ಬಿಡಿ ಗೆರೆಗಳಾಗಿ ಬಿದ್ದಿರುವ ಒಂದು ಕಮೋಡನ್ನು ಆರಿಸಿದರೆ, ಅಂಥವನ್ನೆಲ್ಲ ಹುಡುಕಿ ಬ್ಲಾಕ್ ಆಗಿ ಮಾರ್ಪಡಿಸುತ್ತದೆ. ಹತ್ತು ಕೈ ದಾಟಿ ಬಂದ ನಕ್ಷೆಯನ್ನು ಶುದ್ಧಗೊಳಿಸುವ ಬೇಸರದ ಕೆಲಸ ಇದರಿಂದ ನಿಜವಾಗಿ ಇಳಿಯುತ್ತದೆ. ಬೆಲ್ಜಿಯಂನ ಬ್ರಿಕ್ಸ್‌ಕ್ಯಾಡ್‌ನಲ್ಲಿ ಬ್ಲಾಕಿಫೈ ಎಂಬ ಹೆಸರಿನಲ್ಲಿ ಇಂಥದ್ದು ಮೊದಲೇ ಇತ್ತೆಂಬುದನ್ನೂ ಹೇಳಬೇಕು. ಸ್ಪರ್ಧಿಗಳು ಇರುವುದರಿಂದಲೇ ಆಟೋಕ್ಯಾಡ್ ಈಚೆಗೆ ಮೈ ಕೊಡವಿದೆ ಎಂದು ನನ್ನ ನಂಬಿಕೆ.

ಆಕ್ಟಿವಿಟಿ ಇನ್‌ಸೈಟ್ಸ್ ಬಗ್ಗೆ ಎಚ್ಚರ ಬೇಕು. ಯಾರು ಯಾವಾಗ ನಕ್ಷೆ ತೆರೆದರು, ಏನನ್ನು ಬದಲಿಸಿದರು ಎಂದು ಅದು ದಾಖಲಿಸುತ್ತದೆ. ರಜೆ ಮುಗಿಸಿ ಬಂದವರಿಗೆ ನಕ್ಷೆಯ ಕಥೆ ತಿಳಿಯಲು ಒಳ್ಳೆಯ ಸಾಧನ. ಅದನ್ನೇ ಮಾಲೀಕರು ನೌಕರರ ಹಾಜರಿ ಪುಸ್ತಕ ಮಾಡಿಕೊಂಡರೆ, ಯೋಚಿಸುತ್ತ ಕೂತ ಹೊತ್ತು ಸೋಮಾರಿತನದ ಲೆಕ್ಕಕ್ಕೆ ಬೀಳುತ್ತದೆ.

ಬದಲಾಯಿಸದೆ ಬಿಟ್ಟದ್ದಕ್ಕೂ ಒಂದು ಮೆಚ್ಚುಗೆ ಸಲ್ಲಬೇಕು. ಒಂದು ಕಾಲದಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಆಟೋಕ್ಯಾಡ್ ನಕ್ಷೆ ಉಳಿಸುವ ಡಿಡಬ್ಲ್ಯುಜಿ ಫೈಲಿನ ರಚನೆ ಬದಲಾಗುತ್ತಿತ್ತು: 2004, 2007, 2010, 2013. ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುತ್ತಿರಲಿಲ್ಲ. ಆರ್ಕಿಟೆಕ್ಟ್ ಕೊಂಡರೆ ಸ್ಟ್ರಕ್ಚರಲ್ ಎಂಜಿನಿಯರೂ ಕೊಳ್ಳಬೇಕಿತ್ತು. 2018ರ ರಚನೆ ಮಾತ್ರ 2026ರ ಆವೃತ್ತಿಯಲ್ಲೂ ಹಾಗೇ ಇದೆ. ಒಂದೇ ನಕ್ಷೆ ನಾಲ್ಕಾರು ಕಚೇರಿಗಳ ನಡುವೆ ಓಡಾಡುವ ನಮ್ಮ ಕಟ್ಟಡ ವೃತ್ತಿಗೆ ಈ ನಿಶ್ಚಲತೆ ದೊಡ್ಡ ಉಪಕಾರ. ಆದರೆ 2016ರಲ್ಲಿ ಶಾಶ್ವತ ಪರವಾನಗಿ ಮಾರುವುದನ್ನು ನಿಲ್ಲಿಸಿ ಬಾಡಿಗೆ ಪದ್ಧತಿ ತಂದದ್ದು ಸಣ್ಣ ಕಚೇರಿಗಳ ಮೇಲೆ ಹೇರಿದ ಭಾರ. ಇದನ್ನು ನಾನು ಯಾವ ಸುಧಾರಣೆಯ ಎದುರೂ ಮರೆಯಲಾರೆ.

ಅದೇ ಸಣ್ಣ ಕಚೇರಿಗಳಿಗೆ ಈ ಹತ್ತು ವರ್ಷಗಳಲ್ಲಿ ಸಿಕ್ಕ ಅತ್ಯುತ್ತಮ ಸೌಲಭ್ಯ ಹೊಸದೇ ಅಲ್ಲ. ಅದು ಆಟೋಲಿಸ್ಪ್, ಆಟೋಕ್ಯಾಡ್‌ಗೆ ನಮ್ಮದೇ ಕಮಾಂಡುಗಳನ್ನು ಬರೆದುಕೊಳ್ಳುವ ಭಾಷೆ. ಹುಟ್ಟಿದ್ದು 1986ರಲ್ಲಿ. 1993ರಲ್ಲಿ ಕಡಿಮೆ ಬೆಲೆಗೆ ಬಂದ ಆಟೋಕ್ಯಾಡ್ ಎಲ್‌ಟಿಗೆ ಅದನ್ನು ಕೊಡಲಿಲ್ಲ, ಮೂವತ್ತು ವರ್ಷ ತಡೆದೇ ಇಟ್ಟರು. 2023ರಲ್ಲಿ ಬಿಡುಗಡೆಯಾದ ಎಲ್‌ಟಿ 2024ರಲ್ಲಿ ಆ ಬಾಗಿಲು ತೆರೆಯಿತು. ಪ್ರಚಾರದಲ್ಲಿ ಇದಕ್ಕೆ ಸಿಕ್ಕ ಜಾಗ ಸಾಲದು. ಐಟಿಐಯಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿ ಬಂದ ಹುಡುಗಿ ಕೂಡ ಕೆಲವು ವಾರಗಳಲ್ಲಿ ಮೊದಲ ಸಾಲುಗಳನ್ನು ಬರೆಯಬಲ್ಲಳು: ಕೋಣೆಯೊಳಗೆ ಒಂದು ಬಿಂದು ತೋರಿಸಿದರೆ ಸುತ್ತಲಿನ ಗಡಿ ಹಿಡಿದು, ವಿಸ್ತೀರ್ಣ ಲೆಕ್ಕ ಹಾಕಿ, ಚದರ ಮೀಟರಿನಲ್ಲೂ ಚದರ ಅಡಿಯಲ್ಲೂ ಬರೆಯುವ ಒಂದು ಪುಟ್ಟ ಕಮಾಂಡ್. ಆ ಕಮಾಂಡು ಕನ್ನಡದಲ್ಲೂ ಬರೆಯಲಿ ಎಂದರೆ ತೊಡಕಿದೆ: ಪ್ರೋಗ್ರಾಮಿನ ಜೊತೆ ಬರುವ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ ಕನ್ನಡ ಇಲ್ಲ, ಮೆನುಗಳು ಯಾವ ಭಾರತೀಯ ಭಾಷೆಯಲ್ಲೂ ಬರುವುದಿಲ್ಲ. ಫೈಲು ಮಾತ್ರ 2007ರ ರಚನೆಯಿಂದಲೇ ಯುನಿಕೋಡ್ ಇಟ್ಟುಕೊಳ್ಳುತ್ತದೆ. ಒಂದು ಯುನಿಕೋಡ್ ಫಾಂಟ್ ಆರಿಸಿ, ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸಿಕೊಂಡು, ಅದೇ ಕಮಾಂಡಿಗೆ ‘ದೇವರಮನೆ’, ‘ಹಿತ್ತಿಲು’, ‘ಬಚ್ಚಲು’ ಎಂಬ ಪಟ್ಟಿಯನ್ನೂ ಸೇರಿಸಬಹುದು. ಎಲ್‌ಟಿ ಬಾಡಿಗೆ ಕಟ್ಟುತ್ತಿರುವ ಕಚೇರಿಗಳು 2024 ಅಥವಾ ಅದರ ನಂತರದ ಯಾವ ಆವೃತ್ತಿಯಲ್ಲಿದ್ದರೂ ಮೊದಲು ತೆರೆದು ನೋಡಬೇಕಾದದ್ದು ಆಟೋಲಿಸ್ಪನ್ನು.